ಕೋಡಿ ಪಕ್ಕದ ಮನೆ

ಶುಕ್ರವಾರ, ಡಿಸೆಂಬರ್ ಹನ್ನೆರಡು, ಸಂಜೆ ನಾಲ್ಕು ಐವತ್ತು. ದಿನಚರಿಯಲ್ಲಿ ಈ ಸಾಲಿನ ಮುಂದೆ ‘ಹೊರಟೆವು’ ಎಂದಷ್ಟೇ ಬರೆದಿದ್ದೇನೆ. ರಾಜಗೋಪಾಲನಗರದ ನಮ್ಮ ಮನೆಯ ಮುಂದೆ ಆಟೋ ನಿಂತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ, ಐದು ತಿಂಗಳ ಬಸುರಿ ಅತ್ತಿಗೆ, ನಾನು. ಡ್ರೈವರ್ ಪಕ್ಕ ಒರಗಿಕೊಂಡು ಅಣ್ಣ. ಅಮ್ಮನ ತೊಡೆಯ ಮೇಲೆ ಬೀಗರಿಗೆ ಕೊಡಲೆಂದು ಒಂದು ಚೀಲ ಸೊಗಡಿನ ಅವರೆಕಾಯಿ. ಅಪ್ಪ ಗೇಟಿನಲ್ಲೇ ಉಳಿದರು. ನೀರಿನ ಟ್ಯಾಂಕರ್ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲವಾದ್ದರಿಂದ ನಮ್ಮ ಬೀದಿಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಊರು ಬಿಡುವ ರೂಢಿಯಿಲ್ಲ. ಒಬ್ಬರು ಸಂಪಿನ ಕಾವಲಿಗೆ ಇರಲೇಬೇಕು.

ನಾವು ಹೊರಟಿದ್ದು ಅತ್ತಿಗೆಯ ತವರಿಗೆ. ಕುಂದಾಪುರದ ಹತ್ತಿರ, ಸಮುದ್ರಕ್ಕೂ ನದಿಗೂ ನಡುವೆ ಇರುವ ಸಣ್ಣ ಊರು. ಮದುವೆ ಕಳೆದ ವರ್ಷ ಇಲ್ಲಿಯೇ, ದಾಸರಹಳ್ಳಿಯ ಒಂದು ಛತ್ರದಲ್ಲಿ ನಡೆದಿದ್ದರಿಂದ ನಮ್ಮ ಕಡೆಯವರು ಯಾರೂ ಆ ಊರನ್ನು ನೋಡಿರಲಿಲ್ಲ. ಅಕ್ಕಪಕ್ಕದವರಿಗೆ ಹೇಳಿದ್ದು, ಮೂರು ದಿನ ಊರು ನೋಡಿಕೊಂಡು ಬರುತ್ತೇವೆ ಎಂದು. ಆದರೆ ಏತಕ್ಕೆ ಹೋಗುತ್ತಿದ್ದೇವೆ ಎಂಬುದು ಆಟೋದಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲೂ ಅವರಲ್ಲೂ ಇರುವ ಪದ್ಧತಿ. ಅಮ್ಮ ಮಾತ್ರ, ಅತ್ತಿಗೆ ಬಸುರಿ ಎಂದು ತಿಳಿದ ದಿನದಿಂದ ಒಂದೇ ಮಾತು ಹಿಡಿದಿದ್ದಳು: “ಹೆರಿಗೆ ಇಲ್ಲೇ ಆಗ್ಲಿ.” ಏಕೆ ಎಂದರೆ ಕಾರಣ ಹೇಳುತ್ತಿರಲಿಲ್ಲ. ಅತ್ತಿಗೆ ಎದುರು ಮಾತಾಡಲಿಲ್ಲ. ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಒಮ್ಮೆ ಹೇಳಿದರು: “ಒಂದ್ಸಲ ಬಂದು ನೋಡ್ಲಿ. ನೋಡಿ ಬೇಡ ಅಂದ್ರೆ ನಾನು ಸುಮ್ಮನಿರ್ತೀನಿ. ನೋಡ್ದೇನೇ ಬೇಡ ಅಂದ್ರೆ ಹೇಗೆ?”

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ, ಲೇತ್‌ನಿಂದ ಇಳಿದ ಬಿಡಿಭಾಗಗಳ ಅಳತೆ ನೋಡುತ್ತೇನೆ. ಗೇಜು ಹಿಡಿಯುವುದು, ಬರೆಯುವುದು, ಸರಿಯಿಲ್ಲದ್ದನ್ನು ಕೆಂಪು ಡಬ್ಬಕ್ಕೆ ಹಾಕುವುದು. ಆ ಚಾಳಿ ಮನೆಗೂ ಬಂದಿದೆ ಎಂದು ಅಣ್ಣ ನನ್ನನ್ನು ‘ಇನ್ಸ್‌ಪೆಕ್ಟ್ರಮ್ಮ’ ಎನ್ನುತ್ತಾನೆ. ಹಾಗಾಗಿ ನೋಡಬೇಕಾದ ಜಾಗಗಳ ಪಟ್ಟಿ ಮಾಡುವ ಕೆಲಸ ನನ್ನದಾಯಿತು. ಹೊರಡುವ ಹಿಂದಿನ ಭಾನುವಾರ ನಾವು ಮೂವರು ಹೆಂಗಸರು ಅಡಿಗೆಮನೆಯ ನೆಲದ ಮೇಲೆ ಕುಳಿತು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆವು. ಅತ್ತಿಗೆ ಹೇಳುತ್ತ ಹೋದರು, ನಾನು ಕೈ ಒರೆಸಿಕೊಂಡು ಬರೆಯುತ್ತ ಹೋದೆ.

“ಬೆಳಿಗ್ಗೆ ಎದ್ದ ಕೂಡ್ಲೇ ಕೈರಂಪಣಿ. ದಡದಲ್ಲೇ ನಿಂತು ಎಳೆಯೋ ದೊಡ್ಡ ಬಲೆ ಅದು. ಆಮೇಲೆ ದೇವಸ್ಥಾನ. ಹಂಚಿನ ಕಾರ್ಖಾನೆ, ಅದು ನಿಂಗೆ ಇಷ್ಟ ಆಗುತ್ತೆ. ಕಾಂಡ್ಲ ಕಾಡು, ಅಂದ್ರೆ ಉಪ್ಪುನೀರಲ್ಲೇ ಬೆಳೆಯೋ ಗಿಡಗಳು. ಕುದ್ರು, ಅಂದ್ರೆ ಹೊಳೆ ಮಧ್ಯದ ದ್ವೀಪ. ಅಳಿವೆ, ಹೊಳೆ ಸಮುದ್ರಕ್ಕೆ ಸೇರೋ ಬಾಯಿ. ಮತ್ತೆ ಕೋಡಿ.”

“ಒಂದೊಂದಕ್ಕೂ ಎಷ್ಟು ಗಂಟೆಗೆ ಹೋಗೋದು?”

“ಅದನ್ನ ನೀರು ಹೇಳ್ಬೇಕು. ಉಬ್ಬರ ಇದ್ದಾಗ ದೋಣಿ, ಇಳಿದಾಗ ನಡಿಗೆ. ನಿಮ್ಮ ಶಿಫ್ಟ್ ಟೈಮಿಗೆ ಸಮುದ್ರ ಪಂಚ್ ಮಾಡಲ್ಲ.”

ಏಳು ಜಾಗಗಳಲ್ಲಿ ಆರರ ಅರ್ಥ ಬರೆದುಕೊಂಡೆ. ಕೋಡಿಯದ್ದನ್ನು ಕೇಳಲಿಲ್ಲ. ಕೋಡಿ ನಮಗೆ ಗೊತ್ತಿರುವ ಪದ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯ ಒಂದು ಬದಿಯಿಂದ ಹೊರಗೆ ಹರಿದುಹೋಗಲು ಕಲ್ಲು ಕಟ್ಟಿ ಬಿಟ್ಟಿರುವ ಜಾಗವೇ ಕೋಡಿ. ಕೆರೆ ಕೋಡಿ ಬಿತ್ತು ಎಂದರೆ ಆ ವರ್ಷ ಒಳ್ಳೆಯ ಮಳೆ ಎಂದು ಅರ್ಥ. ಪಟ್ಟಿಯಲ್ಲಿ ಅದರ ಮುಂದೆ ‘ಕೆರೆಯ ಹೆಸರು ಕೇಳಬೇಕು’ ಎಂದು ಬರೆದುಕೊಂಡೆ.

ಅಮ್ಮ ತಲೆಯೆತ್ತದೆ ಕೇಳಿದಳು: “ಆ ಕೋಡಿ ನಿಮ್ಮನೆಗೆ ಎಷ್ಟ್ ದೂರ ಐತಮ್ಮ?”

“ಪಕ್ಕದಲ್ಲೇ ಅತ್ತೆ. ಕೋಡಿಮನೆ ಅಂತ್ಲೇ ನಮ್ಮನೆಗೆ ಹೆಸರು. ಲಗ್ನಪತ್ರಿಕೇಲೂ ಹಾಕ್ಸಿದ್ರಲ್ಲ.”

“ಊಂ. ನೋಡಿದ್ದೆ.” ಅಷ್ಟೇ ಹೇಳಿ ಅಮ್ಮ ಸಿಪ್ಪೆಯ ತಟ್ಟೆ ಎತ್ತಿಕೊಂಡು ಹೊರಗೆ ಹೋದಳು. ಆ ಪದ ಅವಳೊಳಗೆ ಏನು ಮಾಡುತ್ತಿತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಯಶವಂತಪುರದಿಂದ ರೈಲು. ಶನಿವಾರ ನಸುಕಿನಲ್ಲಿ ಇಳಿದಾಗ ಅತ್ತಿಗೆಯ ಅಪ್ಪ ಸ್ಟೇಷನ್ನಿಗೆ ಬಂದಿದ್ದರು. ಬಹಳ ವರ್ಷ ಮೀನಿನ ದೋಣಿಗಳಲ್ಲಿ ದುಡಿದವರು, ಈಗ ಬಲೆ ಹೆಣೆಯುತ್ತಾರೆ; ಸ್ವಂತದ್ದೊಂದು ಸಣ್ಣ ದೋಣಿ ಇದೆ. ಮನೆ ತಲುಪುವಾಗ ಇನ್ನೂ ಕತ್ತಲೆ. ತಗ್ಗು ಮಾಡಿನ ಹೆಂಚಿನ ಮನೆ, ಮರಳಿನ ಅಂಗಳ, ಸುತ್ತ ತೆಂಗು. ಅಮ್ಮ ಅಂಗಳದಲ್ಲಿ ನಿಂತು ಸ್ವಲ್ಪ ಹೊತ್ತು ಕಿವಿಗೊಟ್ಟಳು.

“ಇದೇನು, ಪಕ್ಕದೋರು ಮೋಟ್ರು ಆಫ್ ಮಾಡೋದೇ ಇಲ್ವಾ?”

“ಅದ್ ಸಮುದ್ರ ಅಕ್ಕ,” ಎಂದರು ಅತ್ತಿಗೆಯ ಅಮ್ಮ. “ಆಫ್ ಮಾಡುಕ್ ಸ್ವಿಚ್ ಎಲ್ಲಿತ್ತ್ ಅಂತ ನಮ್ಗೂ ಗೊತ್ತಿಲ್ಲ. ಬನ್ನಿ, ಕೂಕಣಿ.”

ಮನೆಯ ಹಿಂದೆ ಬಾವಿ. ಅಲ್ಲಿಂದ ತೆಂಗಿನ ಸಾಲು ದಾಟಿದರೆ ಒಂದು ಕಡೆ ಸಮುದ್ರ, ಹಿತ್ತಿಲು ದಾಟಿದರೆ ಇನ್ನೊಂದು ಕಡೆ ನದಿ. ಎರಡೂ ಉಪ್ಪುನೀರು. ಅಮ್ಮ ಕೊಡದಿಂದ ಬೊಗಸೆಗೆ ನೀರು ಬಗ್ಗಿಸಿಕೊಂಡು ಮೊದಲು ನಾಲಿಗೆಯ ತುದಿಗೆ ಸೋಕಿಸಿದಳು, ನಾನು ಗೇಜು ಹಿಡಿದ ಹಾಗೆ. ಆಮೇಲೆ ಬಾಯಿ ಮುಕ್ಕಳಿಸಿದಳು. ಆಮೇಲೆ ಕುಡಿದಳು. ಮತ್ತೊಂದು ಬೊಗಸೆ ಹಿಡಿದು ಮತ್ತೆ ಕುಡಿದಳು. 

ಬೆಳಕು ಹರಿಯುವ ಹೊತ್ತಿಗೆ ಕೈರಂಪಣಿ ನೋಡಲು ಹೋದೆವು. ಬಲೆಯನ್ನು ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದಂತೆ ಬಿಟ್ಟು, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದಿದ್ದರು. ಒಂದೊಂದು ಹಗ್ಗಕ್ಕೂ ಒಂದೊಂದು ಸಾಲು ಜನ. ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎಳೆಯುತ್ತಾರೆ. ಸಾಲಿನ ಕೊನೆಯವನು ಹಗ್ಗ ಸುತ್ತಿ ಇಟ್ಟು, ನಡೆದು ಬಂದು ನೀರಿನ ಅಂಚಿನಲ್ಲಿ ಮೊದಲಿಗನಾಗಿ ನಿಲ್ಲುತ್ತಾನೆ. ಹೀಗೆ ಸಾಲು ತನ್ನಷ್ಟಕ್ಕೆ ಸುತ್ತುತ್ತಲೇ ಇರುತ್ತದೆ. ಯಾರೂ ಕೂಗುವುದಿಲ್ಲ, ಯಾರೂ ಮೇಸ್ತ್ರಿಯಲ್ಲ. ನಾನು ನೋಡಿದ ಯಾವ ಕೆಲಸದ ಸಾಲೂ ಇಷ್ಟು ನಯವಾಗಿ ಓಡಿದ್ದಿಲ್ಲ. ಎರಡು ಸಾಲುಗಳು ನಿಧಾನವಾಗಿ ಹತ್ತಿರ ಬಂದವು. ಬಲೆಯ ಹೊಟ್ಟೆ ದಡ ಮುಟ್ಟಿದಾಗ ಮರಳಿನ ಮೇಲೆ ಬೆಳ್ಳಿ ಕುದಿಯಿತು.

ಹಗ್ಗದ ಸಾಲಿನಲ್ಲಿದ್ದ ಒಬ್ಬರು ಅಣ್ಣನನ್ನು ಕರೆದರು: “ಹೋಯ್, ಬೆಂಗ್ಳೂರ್ ಅಳಿಯ, ಸುಮ್ನೆ ನಿಂತ್ರೆ ಮೀನ್ ಕೊಡುದಿಲ್ಲ.”

ಅಣ್ಣ ಪ್ಯಾಂಟು ಮಡಚಿಕೊಂಡು ಹಗ್ಗ ಹಿಡಿದ. ಐದು ಹೆಜ್ಜೆಗೆ ಮರಳಿನಲ್ಲಿ ಕೂತುಬಿಟ್ಟ.

“ಅಲ್ಲಿ ಎಂತ ಕೆಲ್ಸ ನಿಮ್ದ್?”

“ಟೂಲ್ ರೂಮು.”

“ಹಾಂಗಾರೆ ಶಕ್ತಿ ರೂಮಲ್ಲೇ ಬಿಟ್ ಬಂದಿದ್ರಿ.”

ಅತ್ತಿಗೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ರಾಜಗೋಪಾಲನಗರದಲ್ಲಿ ನಾನು ನೋಡಿರಲಿಲ್ಲ. ಆದರೂ ಅವರು ನಕ್ಕು ಮುಗಿಸಿ ಮೊದಲು ನೋಡಿದ್ದು ಅಮ್ಮನ ಮುಖವನ್ನು. ಅಮ್ಮ ಸಮುದ್ರಕ್ಕೆ ಬೆನ್ನು ಹಾಕಿ, ಊರಿನ ಕಡೆ ತಿರುಗಿ, ಏನನ್ನೋ ಹುಡುಕುತ್ತಿದ್ದಳು.

ಮಧ್ಯಾಹ್ನ ದೇವಸ್ಥಾನಕ್ಕೆ ಹೋಗುವಾಗ ಅವಳು ಅತ್ತಿಗೆಯ ಅಪ್ಪನನ್ನು ಕೇಳಿಯೇಬಿಟ್ಟಳು: “ನಿಮ್ಮೂರ ಕೆರೆ ಎಲ್ಲೈತಣ್ಣ?”

“ಕೆರೆಯಾ? ಇಲ್ಲೇ ಕಾಣಿ, ದೇವಸ್ಥಾನದ ಎದ್ರಿಗೇ.”

ಅದು ನಾಲ್ಕು ಕಡೆ ಮೆಟ್ಟಿಲಿದ್ದ, ನಮ್ಮ ಬೀದಿಯ ಎರಡು ಸೈಟುಗಳಷ್ಟು ಅಗಲದ ಕಲ್ಲಿನ ಕೊಳ. ಹಸಿರು ನೀರಿನ ಮೇಲೆ ತಾವರೆ ಎಲೆ. ನನಗೆ ನೋಡಿದಷ್ಟೂ ಸಾಲದಾಯಿತು. ಅಮ್ಮ ಅದನ್ನು ಒಂದು ಸುತ್ತು ಹಾಕಿ ಬಂದಳು.

“ಇದ್ರ ಕೋಡಿ?”

“ಕೋಡಿ ಇಲ್ಲೆಲ್ಲಿತ್ತ್ ಅಕ್ಕ? ಅದ್ ನಮ್ಮನೆ ಬದಿಗೆ. ಇಲ್ಲಿಂದ ಒಂದ್ ಮೈಲಿ.”

ಅಮ್ಮ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: “ಕೆರೆ ಇಲ್ಲಿ, ಕೋಡಿ ಒಂದ್ ಮೈಲಿ ಆಚೆ. ಇಷ್ಟ್ ನೀರು ಅಷ್ಟ್ ದೂರ ಓಗಿ ಅದೆಂಗೆ ಬೀಳುತ್ತೆ? ಈ ಜನ ನಮ್ಗೆ ದೊಡ್ ಕೆರೆ ತೋರುಸ್ತಿಲ್ಲ ಕಣೆ.”

ನನಗೂ ಹಾಗೆಯೇ ಅನ್ನಿಸಿತು. ಪಟ್ಟಿಯಲ್ಲಿ ಕೋಡಿಯ ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿದೆ.

ಹಂಚಿನ ಕಾರ್ಖಾನೆ ನದಿಯ ಆಚೆ ದಡದಲ್ಲಿ, ಪೇಟೆಗೆ ಹೋಗುವ ದಾರಿಯಲ್ಲಿತ್ತು. ತೆಂಗಿನ ತಲೆಗಳ ಮೇಲೆ ಎದ್ದ ಇಟ್ಟಿಗೆಯ ಚಿಮಣಿ ಕಂಡಾಗ ನನಗೆ ನೆಂಟರನ್ನು ಕಂಡಂತಾಯಿತು. ಜೇಡಿಮಣ್ಣನ್ನು ಅಚ್ಚಿಗೆ ಒತ್ತುವ ಯಂತ್ರ, ಹಲಗೆಗಳ ಮೇಲೆ ಒಣಗಲು ಇಟ್ಟ ಹಸಿ ಹೆಂಚುಗಳ ಸಾಲು, ಕೆಂಪಾಗಿ ಸುಟ್ಟು ಗೂಡಿನಿಂದ ಹೊರಬಂದವುಗಳ ಬಿಸಿ. ಪೀಣ್ಯದಲ್ಲಿ ನಮ್ಮ ಕೈ ಸದಾ ಎಣ್ಣೆ, ಇಲ್ಲಿ ಮಣ್ಣು. ಬೇರೆ ವ್ಯತ್ಯಾಸ ನನಗೆ ಕಾಣಲಿಲ್ಲ. ಅಮ್ಮ ಒಂದು ಹೆಂಚು ಎತ್ತಿ ಅದರ ಬೆನ್ನು ಸವರಿ, “ನಮ್ಮಪ್ಪ ಮನೆಗೆ ಇಂಥವೇ ಮಂಗಳೂರು ಹೆಂಚು ಹಾಕ್ಸಿದ್ದ. ನಾವು ಅವು ಲಾರೀಲಿ ಉಟ್ಟಿ ಬರ್ತವೆ ಅಂದ್ಕಂಡಿದ್ವಿ” ಎಂದಳು. ಆ ದಿನ ಅವಳು ನಕ್ಕಿದ್ದು ಅದೊಂದೇ ಸಲ.

ಅಲ್ಲಿಂದ ಅತ್ತಿಗೆ ನಮ್ಮನ್ನು ಪೇಟೆಯ ಆಸ್ಪತ್ರೆಗೂ ಕರೆದೊಯ್ದರು. ಅದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಅವರ ಪಟ್ಟಿಯಲ್ಲಿ ಇತ್ತು. ಅಮ್ಮ ಹೆರಿಗೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತು, ಬರುವ ಹೋಗುವ ಬಾಣಂತಿಯರ ಕಡೆಯವರನ್ನೆಲ್ಲ ಮಾತಾಡಿಸಿದಳು. ಮನೆಗೆ ವಾಪಸು ಆಟೋದಲ್ಲಿ ಹದಿನೈದು ನಿಮಿಷವೂ ಆಗಲಿಲ್ಲ. ಪೀಣ್ಯದ ಸಿಗ್ನಲ್ ಒಂದನ್ನೇ ದಾಟಲು ನಮಗೆ ಕೆಲವು ಸಂಜೆ ಅಷ್ಟು ಬೇಕು.

“ಆಸ್ಪತ್ರೆ ಐತೆ, ರಸ್ತೆ ಐತೆ, ಜನ ಒಳ್ಳೇರು,” ಎಂದಳು ಅಮ್ಮ ನನ್ನೊಬ್ಬಳಿಗೇ. “ಆದ್ರೂ.”

“ಆದ್ರೂ ಏನಮ್ಮ?”

“ನಾಳೆ ಆ ಕೋಡಿ ನೋಡಾಣ. ಆಮೇಲೆ ಏಳ್ತೀನಿ.”

ಭಾನುವಾರ ಬೆಳಿಗ್ಗೆ ನೀರು ಏರಿತ್ತು. ಭರ್ತ ಬಂತು ಎಂದರು ಅತ್ತಿಗೆಯ ಅಪ್ಪ. ಉಬ್ಬರಕ್ಕೆ ಅವರ ಮಾತು ಅದು. ದೋಣಿಯಲ್ಲಿ ಅವರೂ ನಾವು ನಾಲ್ವರೂ. ಅತ್ತಿಗೆಯನ್ನು ನಡುವೆ ಕೂರಿಸಿ ಅಮ್ಮ ಅವರ ಸೊಂಟ ಬಳಸಿ ಹಿಡಿದಿದ್ದಳು. ಯಾರು ಯಾರನ್ನು ಹಿಡಿದಿದ್ದಾರೆ ಎಂದು ಹೇಳುವುದು ಕಷ್ಟವಿತ್ತು. ಅಮ್ಮ ದೋಣಿ ಹತ್ತಿದ್ದು ಅದೇ ಮೊದಲು.

ಕಾಂಡ್ಲ ಕಾಡಿನ ಒಳಗೆ ಹುಟ್ಟು ಎತ್ತಿಟ್ಟು ಬಿದಿರಿನ ಗಳದಿಂದ ತಳ್ಳಿಕೊಂಡು ಹೋದರು. ಗಿಡಗಳು ಬೇರುಗಳ ಮೇಲೆ ಎದ್ದು ನಿಂತಿದ್ದವು, ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗೆ ಇಳಿದ ಹೆಂಗಸರ ಹಾಗೆ. ನೆರಳು ಎಷ್ಟು ದಟ್ಟವೆಂದರೆ ಒಳಗೆ ಹೋಗುತ್ತಲೇ ಸಮುದ್ರದ ಸದ್ದು ನಿಂತಿತು. ಆ ಕಡೆ ಹೊರಬಂದರೆ ಕುದ್ರು. ಕೆಲವೇ ಮನೆಗಳು, ಒಂದು ಹಾಳೆಯಷ್ಟು ಗದ್ದೆ, ತೆಂಗು. ಅಲ್ಲಿಗೆ ಏನು ಬಂದರೂ ದೋಣಿಯಲ್ಲೇ ಬರಬೇಕು. ನಮ್ಮ ಮುಂದೆಯೇ ಒಂದು ದೋಣಿಯಲ್ಲಿ ಹೊಸ ಫ್ರಿಜ್ಜು ಹೋಗುತ್ತಿತ್ತು. ಇಬ್ಬರು ಅದನ್ನು ಎರಡು ಕಡೆಯಿಂದ ಹಿಡಿದು ನಿಂತಿದ್ದರು, ಮದುವೆಗೆ ಹೊರಟ ಅಜ್ಜನನ್ನು ಹಿಡಿದ ಹಾಗೆ ಜೋಪಾನವಾಗಿ. ಅಣ್ಣ ಫೋನಿನಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ಚಿತ್ರ ತೆಗೆದಿದ್ದು ಆ ಫ್ರಿಜ್ಜಿನದು.

ಆಮೇಲೆ ನದಿ ಅಗಲವಾಗುತ್ತ ಹೋಯಿತು. ಬಲಕ್ಕೆ ದೂರದಲ್ಲಿ ಅಳಿವೆಯ ಬಾಯಿ. ಹೊಳೆಯ ನೀರೂ ಸಮುದ್ರದ ನೀರೂ ಡಿಕ್ಕಿ ಹೊಡೆದು ಅಲ್ಲಿ ಬಿಳಿಯ ಗೆರೆ ಎದ್ದಿತ್ತು. ದೋಣಿಯನ್ನು ಒಂದು ಮರಳಿನ ದಂಡೆಗೆ ಹಚ್ಚಿದರು. ಇಳಿದು ಸ್ವಲ್ಪ ನಡೆದೆವು. ಗಾಳಿಮರಗಳು ಮುಗಿದವು, ಆಮೇಲೆ ಬರೀ ಮರಳು. ನೆಲ ನಡೆಯುತ್ತ ನಡೆಯುತ್ತ ಕಿರಿದಾಗಿ, ಹಸುವಿನ ನಾಲಿಗೆಯ ಹಾಗೆ ನೀರಿನೊಳಗೆ ಚಾಚಿಕೊಂಡಿತ್ತು. ಒಂದು ಪಕ್ಕದಲ್ಲಿ ಸಮುದ್ರ ತೆರೆ ಎತ್ತಿ ಬಡಿಯುತ್ತಿತ್ತು. ಇನ್ನೊಂದು ಪಕ್ಕದಲ್ಲಿ ನದಿ ಗಾಜಿನಂತೆ ಮಲಗಿತ್ತು. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ದೊಡ್ಡ ಆಕಾಶವನ್ನು ನಾನು ನೋಡಿರಲಿಲ್ಲ. ನಮ್ಮ ಬೀದಿಯಲ್ಲಿ ಆಕಾಶವೆಂದರೆ ಎರಡು ಕಟ್ಟಡಗಳ ಸಂದಿ.

“ಇದೇ ಕಾಣಿ ಕೋಡಿ,” ಎಂದರು ಅತ್ತಿಗೆಯ ಅಪ್ಪ.

ಅಮ್ಮ ಸುತ್ತ ನೋಡಿದಳು. “ಎಲ್ಲಿ?”

“ನೀವ್ ನಿಂತದ್ದೇ.”

ಅಮ್ಮ ತನ್ನ ಪಾದ ನೋಡಿಕೊಂಡಳು. “ಕಲ್ಲು ಕಟ್ಟಿಲ್ವಲ್ಲ?”

“ಕಲ್ಲ್ ಎಂತಕ್ಕೆ?”

“ಅಂಗಾರೆ ಕೆರೆ ನೀರು ಎಲ್ಲಿಂದ ಬೀಳೋದು?”

“ಕೆರೆ ಎಲ್ಲಿಂದ್ ಬಂತ್ ಮಾರಾಯ್ರೆ ಇಲ್ಲಿಗೆ? ಕೋಡಿ ಅಂದ್ರೆ ತುದಿ. ನೆಲದ್ ತುದಿ. ಇಲ್ಲಿಗೆ ಊರ್ ಮುಗೀತ್.”

ಅಮ್ಮ ಅಲ್ಲಿಯೇ ಮರಳಿನ ಮೇಲೆ ಕುಳಿತುಬಿಟ್ಟಳು. ಮೈಗೆ ಹುಷಾರಿಲ್ಲವೇನೋ ಎಂದು ಅತ್ತಿಗೆ ಬಗ್ಗಿ ಕೈ ಹಿಡಿದರು. ಅಮ್ಮ ಆ ಕೈ ಬಿಡದೆ ಹೇಳತೊಡಗಿದಳು.

ಅವಳ ತವರು ಬೇಗೂರಿನ ಆಚೆಯ ಒಂದು ಊರು. ಈಗ ಅಲ್ಲಿ ಗುರುತು ಹಿಡಿಯಲಾಗದಷ್ಟು ಮನೆಗಳು. ಆಗ ಊರಿಗೊಂದು ದೊಡ್ಡ ಕೆರೆ, ಮತ್ತು ಕೋಡಿಯ ಕೆಳಗೆ ಅಮ್ಮನವರ ಕೇರಿ. “ಕೋಡಿ ಬಿದ್ರೆ ಊರಿಗೆಲ್ಲ ಅಬ್ಬ. ಬಾಗಿನ ಬಿಡೋರು, ಕಾಯಿ ಒಡೆಯೋರು. ನಮ್ ಕೇರಿಗೆ ಮಾತ್ರ ನಿದ್ದೆ ಇಲ್ಲ.” ಅಣ್ಣ ಹುಟ್ಟಿದ್ದು ಆ ಮನೆಯಲ್ಲಿ. ಅವನಿಗೆ ಇನ್ನೂ ನಾಮಕರಣವಾಗಿರಲಿಲ್ಲ. ಮಳೆ ಹಿಡಿದು ಬಿಡಲಿಲ್ಲ. ಕೋಡಿ ಜೋರಾಗಿ ಬಿತ್ತು. ನೀರು ಹಿತ್ತಿಲಿನಿಂದ ಮನೆಗೆ ನುಗ್ಗಿ, ಬಾಣಂತಿಗೆ ನೀರು ಕಾಯಿಸುವ ಒಲೆ ಆರಿತು, ಮಂಚದ ಕಾಲು ಮುಳುಗಿದವು. ಅಜ್ಜಿ ಕೂಸನ್ನು ಮೊರದಲ್ಲಿಟ್ಟು ತಲೆಯ ಮೇಲೆ ಹೊತ್ತಳು. ಹಸಿ ಬಾಣಂತಿ ಅಮ್ಮ ಮೊಣಕಾಲು ನೀರಿನಲ್ಲಿ ಅವಳ ಹಿಂದೆ ನಡೆದು ಊರ ಸ್ಕೂಲಿಗೆ ಹೋದಳು.

“ಪತ್ರಿಕೇಲಿ ಕೋಡಿಮನೆ ಅಂತ ಓದ್ದಾಗ್ಲೇ ನನ್ನೆದೆ ಧಸಕ್ ಅಂತು,” ಎಂದಳು. “ಇವಳು ಬಸುರಿ ಅಂದ್ ದಿನದಿಂದ ಕಣ್ಮುಚ್ಚಿದ್ರೆ ಆ ಮೊರವೇ.”

ಮೊರದಲ್ಲಿ ಹೋದವನು ಎದುರಿಗೇ ನಿಂತಿದ್ದ, ಆರಡಿ ಎತ್ತರಕ್ಕೆ. “ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ಲಮ್ಮ?”

“ಏಳೋಕೇನೈತೆ. ನೆಂದಿದ್ದು ಒಣಗ್ತು.”

ಮೊದಲು ನಕ್ಕವರು ಅತ್ತಿಗೆಯ ಅಪ್ಪ. ಆಮೇಲೆ ಅಣ್ಣ. ನಿನ್ನೆ ಕೊಳವನ್ನು ಸುತ್ತು ಹಾಕಿದ್ದು ನೆನಪಾಗಿ ಕೊನೆಗೆ ಅಮ್ಮನೂ. ಕಣ್ಣು ಒರೆಸಿಕೊಂಡು ಎದ್ದು, ಎಡಕ್ಕೆ ಸಮುದ್ರ, ಬಲಕ್ಕೆ ನದಿ, ಎರಡನ್ನೂ ಇನ್ನೊಮ್ಮೆ ನೋಡಿ, “ಆದ್ರೂ ಕೆರೆ ಕೋಡಿನೇ ವಾಸಿ ಕಣ್ರೀ. ಅಲ್ಲಿ ಒಂದೇ ಕಡೆ ನೀರು” ಎಂದಳು.

ಎಲ್ಲರೂ ಮತ್ತೆ ನಕ್ಕರು. ಅತ್ತಿಗೆ ನಗಲಿಲ್ಲ. ದೋಣಿಯ ಕಡೆ ನಡೆಯುವಾಗ ಮೆಲ್ಲಗೆ ಕೇಳಿದರು: “ಹಾಗಾದ್ರೆ ಬೇಡ್ವಾ ಅತ್ತೆ?”

ಅಮ್ಮ ತೆರೆಗಳ ಕಡೆ ತಿರುಗಿ ನೋಡಿದಳು. ಕೆರೆಯ ಭಯ ಹೋಗಿತ್ತು. ಸಮುದ್ರದ್ದು ಈಗಷ್ಟೇ ಬಂದಿತ್ತು. ಮಳೆಗಾಲದಲ್ಲಿ ಇಲ್ಲಿ ಹೇಗಿರುತ್ತದೆ ಎಂದು ಅವಳು ದೋಣಿಯಲ್ಲಿ ಕೇಳಿದಾಗ ಅತ್ತಿಗೆಯ ಅಪ್ಪ ಮುಚ್ಚಿಡಲಿಲ್ಲ: “ಮಳಿಗಾಲ್ದಲ್ಲಿ ಜೋರೇ. ಮನೆವರೆಗೆ ನೀರ್ ಬರ್ಲಿಲ್ಲ ಇಷ್ಟ್ ವರ್ಷ. ಆದ್ರೆ ಸದ್ದಿಗೆ ನಮ್ಗೇ ನಿದ್ರೆ ಬಪ್ಪುದಿಲ್ಲ.” ಅತ್ತಿಗೆ ತಂದೆಯನ್ನು ನೋಡಿದ ನೋಟದಲ್ಲಿ, ಇದನ್ನು ಈಗಲೇ ಹೇಳಬೇಕಿತ್ತೇ ಎಂಬುದು ಸ್ಪಷ್ಟವಾಗಿತ್ತು. ಊಟಕ್ಕೆ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ. ಅಮ್ಮ ಮುಳ್ಳು ಬಿಡಿಸುವುದನ್ನು ಅತ್ತಿಗೆಯ ಅಮ್ಮನಿಂದ ಕಲಿತು ಎರಡು ಸಲ ಬಡಿಸಿಕೊಂಡಳು. ಹೆರಿಗೆಯ ಮಾತು ಮಾತ್ರ ಎತ್ತಲಿಲ್ಲ.

ಸೋಮವಾರ ನಾವು ಹೊರಡುವ ದಿನ. ನಾನು ಎದ್ದಾಗ ಅಮ್ಮ ಬಾವಿಕಟ್ಟೆಯ ಮೇಲೆ ಕುಳಿತು ಅಪ್ಪನ ಜೊತೆ ಫೋನಿನಲ್ಲಿದ್ದಳು. ಸ್ಪೀಕರ್ ಹಾಕಿದ್ದರಿಂದ ಎರಡೂ ಕಡೆಯ ಮಾತು ಕೇಳುತ್ತಿತ್ತು.

“ಟ್ಯಾಂಕರ್ ಬಂತಾ?”

“ಇಲ್ಲ. ನಾಳೆ ಅಂದವ್ನೆ. ನೆನ್ನೆನೂ ನಾಳೆ ಅಂದಿದ್ದ.”

“ಮನೇಲಿ ಎಷ್ಟೈತೆ?”

“ಎರಡು ಬಿಂದಿಗೆ. ಸ್ನಾನ ಮಾಡಿಲ್ಲ. ನೀನು ಬರೋವಾಗ ಒಂದ್ ಕ್ಯಾನು ತುಂಬ್ಕೊಂಡ್ ಬಾ.”

ಅಮ್ಮ ಫೋನ್ ಇಟ್ಟು ಬಾವಿಯೊಳಗೆ ಬಗ್ಗಿ ನೋಡಿದಳು. ಪಕ್ಕದ ಬಚ್ಚಲುಮನೆಯಲ್ಲಿ ಅತ್ತಿಗೆಯ ಅಮ್ಮ ತಾಮ್ರದ ಹಂಡೆಯ ಕೆಳಗೆ ಒಣ ತೆಂಗಿನ ಮಡಲು ತುರುಕುತ್ತಿದ್ದರು.

“ಅಕ್ಕ, ನಿಮ್ ಕಡೆ ಬಾಣಂತಿಗೆ ಎಷ್ಟ್ ನೀರು ಉಯ್ತೀರ?”

“ಲೆಕ್ಕ ಇಟ್ಟಿದಿಲ್ಲ. ಸಾಕ್ ಸಾಕ್ ಅಂತ್ಲಲ್ಲ, ಅದ್ರ್ ಮೇಲೆ ಇನ್ನೆರಡ್ ಕೊಡ.”

ಅಮ್ಮ ತಲೆಯಾಡಿಸಿದಳು. ಬಾಣಂತಿಗೆ ನೀರು ಹಾಕುವುದೆಂದರೆ ನಮ್ಮಲ್ಲೂ ಹಾಗೆಯೇ. ಮೈ ಕೆಂಪಗಾಗುವಷ್ಟು ಬಿಸಿನೀರು, ಹಂಡೆ ಹಂಡೆ, ದಿನವೂ. ಹಿತುಕಿದ ಅವರೆಯನ್ನು ತೊಳೆಯಲೂ ಲೆಕ್ಕ ಹಾಕಿ ನೀರು ಬಗ್ಗಿಸುವ ನಮ್ಮ ಮನೆಯಲ್ಲಿ ಅದು ಹೇಗೆ ಆಗುತ್ತದೆ ಎಂದು ಈವರೆಗೆ ಯಾರೂ ಯೋಚಿಸಿರಲಿಲ್ಲ.

“ಹೆರಿಗೆ ಏಪ್ರಿಲ್‌ಗೆ ಬರುತ್ತೆ. ಆವಾಗ ಈ ಬಾವಿ ಎಂಗೆ?”

ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರ ಅಮ್ಮ ಬೆಂಕಿ ಊದುವುದನ್ನು ನಿಲ್ಲಿಸಿದರು. ಒಂದು ಒಳ್ಳೆಯ ಸುಳ್ಳಿಗೆ ಅದು ಸರಿಯಾದ ಸಮಯವಾಗಿತ್ತು.

“ಇಳಿತದೆ ಅಕ್ಕ. ಹಗ್ಗ ಎರಡ್ ಮೊಳ ಜಾಸ್ತಿ ಬೇಕಾತ್. ಆಚೆಮನೆಯವ್ರ್ ಬಾವಿ ಮೇ ತಿಂಗಳಲ್ಲಿ ಉಪ್ಪಾಯ್ತ್, ಅವ್ರೂ ಇಲ್ಲೇ ಬಂದ್ ನೀರ್ ಸೇದುದ್. ಇದ್ ಇಷ್ಟ್ ವರ್ಷ ಉಪ್ಪಾಗ್ಲಿಲ್ಲ. ಮುಂದೆ ಎಂತದೋ, ನಾನ್ ಹ್ಯಾಂಗ್ ಹೇಳುದ್?”

ಅಮ್ಮ ಕೊಡಪಾನ ಬಾವಿಗೆ ಇಳಿಸಿದಳು. ರಾಟೆ ಕಿರ್ರೆಂದಿತು. ನೀರು ಸೇದಿ ಮೇಲೆತ್ತಿ, ಒಂದು ಬೊಗಸೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಮೂರು ತಿಂಗಳಿನಿಂದ ಹೇಳುತ್ತಿದ್ದ ಮಾತನ್ನೇ ಅಕ್ಷರ ಬದಲಿಸದೆ ಹೇಳಿದಳು:

“ಹೆರಿಗೆ ಇಲ್ಲೇ ಆಗ್ಲಿ.”

ಅತ್ತಿಗೆಯ ಮುಖ ಬಾಡಿತು. ಅಭ್ಯಾಸ ಬಲದಿಂದ ‘ಆಗಲಿ ಅತ್ತೆ’ ಎಂದು ಒಳಗೆ ತಿರುಗಿದವರು ಎರಡು ಹೆಜ್ಜೆ ಇಟ್ಟು ನಿಂತರು. ತಿರುಗಿ ಅಮ್ಮನನ್ನು, ಅಮ್ಮನ ಕೈಯ ಕೊಡವನ್ನು, ಬಾವಿಯನ್ನು ನೋಡಿದರು.

“ಇಲ್ಲೇ ಅಂದ್ರೆ?”

“ಇಲ್ಲೇ ಅಂದ್ರೆ ಇಲ್ಲೇ ಕಣಮ್ಮ. ನಾನ್ ಈಗೆಲ್ಲಿ ನಿಂತಿದ್ದೀನಿ?”

ಅಣ್ಣ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ಆಮೇಲೆ ಇಬ್ಬರು ಬೀಗಿತ್ತಿಯರ ನಡುವೆ ಚೌಕಾಸಿ ಶುರುವಾಯಿತು. ಮಳೆ ಹಿಡಿಯುವ ಮೊದಲೇ ತಾಯಿ ಮಗುವನ್ನು ಕರೆದೊಯ್ಯುತ್ತೇನೆ ಎಂದು ಅಮ್ಮ. ಬಾಣಂತನವೆಂದರೆ ಮೂರು ತಿಂಗಳು, ಎಂದು ಅತ್ತಿಗೆಯ ಅಮ್ಮ. ಮೂರು ತಿಂಗಳೆಂದರೆ ನಡುಮಳೆಗಾಲ, ಆಗಲ್ಲ, ಎಂದು ಅಮ್ಮ. “ಹಾಂಗಾರೆ ಮಳೆ ಶುರುವಾದ್ ಮೇಲೆ ನೀವೂ ಬಂದ್ ಕೂಕಣಿ. ಇಬ್ರೂ ಸೇರಿ ಎಚ್ಚರ ಇಪ್ಪ,” ಎಂದರು ಅವರು. ಅಮ್ಮ ಅಪ್ಪನಿಗೆ ಒಯ್ಯಲು ಕ್ಯಾನು ಕೇಳಿದಳು.

ಈಗ ಮಾರ್ಚ್. ಅತ್ತಿಗೆ ಸೀಮಂತ ಮುಗಿಸಿಕೊಂಡು ಹೋದ ವಾರ ತವರಿಗೆ ಹೋದರು. ದಿನವೂ ಸಂಜೆ ಫೋನ್ ಬರುತ್ತದೆ. ಅಮ್ಮ ಮೊದಲು ಸೊಸೆಯ ಕಾಲು ಊತ ವಿಚಾರಿಸುತ್ತಾಳೆ, ಆಮೇಲೆ ಬಾವಿಯನ್ನು. ನಿನ್ನೆ ಹಗ್ಗ ಒಂದು ಮೊಳ ಹೆಚ್ಚು ಬೇಕಾಯಿತಂತೆ. ನೀರು ಸಿಹಿಯಾಗಿಯೇ ಇದೆಯಂತೆ. ಆ ಊರಿಗೆ ಹೋದರೆ ಏನೇನು ನೋಡಬೇಕು ಎಂದು ಯಾರು ಕೇಳಿದರೂ ನಾನು ನನ್ನ ಏಳು ಜಾಗಗಳ ಪಟ್ಟಿ ತೆಗೆಯುತ್ತೇನೆ. ಅಮ್ಮ ಅದಕ್ಕೆ ಅವಕಾಶ ಕೊಡದೆ, “ಒಂದ್ ಬಾವಿ ಐತೆ, ನೋಡ್ಕೊಂಡ್ ಬನ್ನಿ” ಎನ್ನುತ್ತಾಳೆ. ಮಳೆಗಾಲದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಆದರೆ ಅವಳು ಒಂದು ಒಳ್ಳೆಯ ಕೊಡೆ ಕೊಂಡು ತಂದು ಬೀರುವಿನ ಮೇಲೆ ಇಟ್ಟಿದ್ದಾಳೆ.

ಪಟ್ಟಿಯಲ್ಲಿ ಕೋಡಿಯ ಮುಂದಿದ್ದ ಪ್ರಶ್ನೆಯ ಗುರುತನ್ನು ನಾನು ಅಳಿಸಿಲ್ಲ. ಎರಡು ಊರಿಗೆ ಎರಡು ಅರ್ಥ ಸಿಕ್ಕಿದವು. ಮೂರನೆಯದು ಇರಲಾರದು ಎಂದು ಯಾರು ಹೇಳಬೇಕು? ನಿಮ್ಮ ಊರಿನಲ್ಲಿ ಕೋಡಿ ಎಂದರೆ ಏನು, ಅದರ ಪಕ್ಕ ಮನೆ ಮಾಡಿದವರು ಮಳೆಗಾಲ ಹೇಗೆ ಕಳೆಯುತ್ತಾರೆ, ತಿಳಿದವರು ಬರೆದು ತಿಳಿಸಬೇಕು. ಎರಡು ಉಪ್ಪುನೀರಿನ ನಡುವಿನ ಬಾವಿ ಸಿಹಿಯಾಗಿ ಉಳಿಯಲು ಏನು ಮಾಡಬೇಕೆಂದು ಗೊತ್ತಿದ್ದರೆ, ಅದನ್ನು ಏಪ್ರಿಲ್‌ಗೆ ಮುಂಚೆಯೇ ಬರೆಯಿರಿ.